ಬಡೇಸಾಬರ ಕೆಂಪು ಚುಕ್ಕಿ

ಬೈಲಹೊಂಗಲದ ಸೀಮೆಯಲ್ಲಿ ಬರೀ ಕಾರ್ಡು ಕೊಟ್ಟು ಕರೆದ ಮದುವೆಗೆ ಮಾನವಂತರು ಹೋಗುವುದಿಲ್ಲ. ಕಾರ್ಡು ಮುಟ್ಟಿದ ಮೇಲೆ ಆ ಮನೆಯ ಹಿರಿಯರು ಫೋನು ಮಾಡಬೇಕು. "ಕಾರ್ಡ್ ಮುಟ್ಟೈತಿಲ್ರಿ? ಮನಿಮಂದಿನ್ನೆಲ್ಲ ಕರಕೊಂಡ ಬರಬೇಕ್ರಿ ಮತ್ತ" ಎಂದು ಬಾಯಿಬಿಟ್ಟು ಕರೆಯಬೇಕು. ಹಾಗೆ ಕರೆಯದಿದ್ದರೆ ಎಂಥ ಬಂಗಾರದ ಅಕ್ಷರದ ಕಾರ್ಡಾದರೂ ಹಾಲಿನ ಪಾತ್ರೆ ಮುಚ್ಚಲು ಹೋಗುತ್ತದೆ. ಇದು ಎಲ್ಲರೂ ಬಲ್ಲ ರೂಢಿ. ಈ ರೂಢಿಯನ್ನು ಕಂಪ್ಯೂಟರಿಗೂ ತಂದು ಹಚ್ಚಿದ ಮಹಾನುಭಾವರೆಂದರೆ ನಮ್ಮ ಬಡೇಸಾಬರು.

ಬಡೇಸಾಬರು ಯರಿಭೂಮಿ ಸೀಡ್ಸ್ ಎಂಬ ಬೀಜದ ಕಂಪನಿಯ ಗುಮಾಸ್ತರು. ಬೈಲಹೊಂಗಲದಲ್ಲಿ ಮುಖ್ಯ ಕಚೇರಿ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆ. ಕಂಪನಿಗೆ ಮೊದಲ ಕಂಪ್ಯೂಟರ್ ಬಂದಾಗ ಕರೆಂಟಿನ ಪ್ಲಗ್ಗಿನ ಹತ್ತಿರ ಇದ್ದದ್ದು ಬಡೇಸಾಬರ ಮೇಜು ಮಾತ್ರ. ಹೀಗಾಗಿ ಮೇಲ್ ನೋಡುವ, ಕಳಿಸುವ ಜವಾಬ್ದಾರಿ ಅವರ ಕೊರಳಿಗೆ ಬಿತ್ತು. ಕಿತ್ತೂರಿಗೆ ಒಂದು ಮೇಲ್ ಕಳಿಸಿ ಸವದತ್ತಿಗೆ ಕಳಿಸದಿದ್ದರೆ ಸವದತ್ತಿಯವರು ಏನೆಂದುಕೊಂಡಾರು ಎಂಬ ಚಿಂತೆ ಅವರನ್ನು ಅಂದಿನಿಂದಲೇ ಹಿಡಿಯಿತು. ಆದ್ದರಿಂದ ಏನೇ ಬರಲಿ, ಸೋಯಾಬೀನ್ ಬೀಜದ ದರವೇ ಇರಲಿ, ಯರಗಟ್ಟಿಯಲ್ಲಿ ಲಾರಿ ಪಂಕ್ಚರಾದ ಸುದ್ದಿಯೇ ಇರಲಿ, ಬೋಳುತಲೆಗೆ ಎಣ್ಣೆ ಮಾರುವವರ ಜಾಹೀರಾತೇ ಇರಲಿ, ಅವರು ಎಲ್ಲರಿಗೂ ಹಂಚುತ್ತಿದ್ದರು. ಹೆಸರುಗಳನ್ನು ವಯಸ್ಸಿನ ಪ್ರಕಾರ ಹಾಕುತ್ತಿದ್ದರು. ಆಮೇಲೆ, ಪಕ್ಕದ ಗಾಜಿನ ಕೋಣೆಯ ಮಾಲೀಕರೊಬ್ಬರನ್ನು ಬಿಟ್ಟು, ಒಬ್ಬೊಬ್ಬರಿಗೂ ಫೋನು. "ಮೇಲ್ ಕಳಿಸೇನ್ರಿ, ನೋಡ್ರಿ ಮತ್ತ. ಊಟ ಆತೇನ್ರಿ? ಅವ್ವಾರ ಮೊಣಕಾಲು ಹ್ಯಾಂಗೈತಿ?" ಮೊಣಕಾಲಿನಿಂದ ಎಮ್ಮೆಗೆ, ಎಮ್ಮೆಯಿಂದ ಮಳೆಗೆ ಬಂದು ಮಾತು ಮುಗಿಯುವಾಗ ಇತ್ತ ಚಹಾ ಆರಿರುತ್ತಿತ್ತು.

ಹೀಗೆ ಸುಖವಾಗಿದ್ದ ಕಂಪನಿಗೆ ಒಂದು ಭಯ ಬಂದು ಅಮರಿಕೊಂಡಿತು. ದೂರದ ಯಾವುದೋ ಊರಿನ ವ್ಯಾಪಾರಿಯೊಬ್ಬರಿಗೆ ಕಳ್ಳರು ಒಂದು ಸುಳ್ಳು ಮೇಲ್ ಕಳಿಸಿದರಂತೆ. ಅದನ್ನು ತೆರೆದ ಕೂಡಲೇ ಅಂಗಡಿಯ ಕಂಪ್ಯೂಟರುಗಳಿಗೆಲ್ಲ ಬೀಗ ಬಿತ್ತಂತೆ. ಕಂಪನಿಯ ಮಾಲೀಕರಾದ ಹಣಮಂತಪ್ಪ ಸಾವ್ಕಾರರಿಗೆ ತಿಂದ ರೊಟ್ಟಿ ಮೈಗೆ ಹತ್ತದಂತಾಯಿತು. ಅವರು ಬೆಳಗಾವಿಯಿಂದ ಉಮಾಶ್ರೀ ಎಂಬ ತಜ್ಞೆಯನ್ನು ಕರೆಸಿದರು.

ಉಮಾಶ್ರೀ ಬಂದು ವೈರು ಎಳೆಯಬಹುದು, ಕಬ್ಬಿಣದ ಪೆಟ್ಟಿಗೆ ತರಿಸಬಹುದು ಎಂದು ಎಲ್ಲರೂ ಕಾದರು. ಆಕೆ ಕಂಪ್ಯೂಟರುಗಳನ್ನು ಮುಟ್ಟಿದ್ದು ಕಡಿಮೆ. ಮನುಷ್ಯರನ್ನು ಕೂರಿಸಿಕೊಂಡು ಕೇಳಿದ್ದೇ ಹೆಚ್ಚು. "ನಿಮಗ ಏನರ ತಿಳೀಲಿಲ್ಲಂದ್ರ ಯಾರನ್ನ ಕೇಳತೀರಿ? ಯಾರ ಹೆಸರಿನ ಮೇಲ್ ಬಂದ್ರ ವಿಚಾರ ಮಾಡದ ತೆರೀತೀರಿ?" ಎಲ್ಲರೂ ಹೇಳಿದ್ದನ್ನೂ, ಯಾರು ಯಾರಿಗೆ ಎಷ್ಟು ಮೇಲ್ ಕಳಿಸಿದ್ದಾರೆ ಎಂಬುದನ್ನೂ ಕೂಡಿಸಿ ಆಕೆ ಒಂದು ನಕ್ಷೆ ಮಾಡುತ್ತಿದ್ದಳು. ಆ ನಕ್ಷೆ ಮುಗಿದ ಮೇಲೆ ಬೇಡವಾದವರನ್ನು ಮನೆಗೆ ಕಳಿಸುತ್ತಾರೆ ಎಂಬ ಗಾಳಿಸುದ್ದಿ ನಾಲ್ಕೂ ಊರಿಗೆ ಹಬ್ಬಿತು. ಹಬ್ಬಿಸಿದವರು ಬಡೇಸಾಬರೇ, ಸುದ್ದಿಯನ್ನು ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದೆ ಇರುವುದು ಅವರ ಜಾಯಮಾನವಲ್ಲ. ಹಬ್ಬಿಸಿಯಾದ ಮೇಲೆ ಅವರಿಗೇ ಹೆದರಿಕೆ ಹತ್ತಿತು. ವಯಸ್ಸು ಐವತ್ತು ದಾಟಿತ್ತು, ಬೇರೆ ಕಸುಬು ಬರುತ್ತಿರಲಿಲ್ಲ, ಮಗಳು ಸಿಮ್ರನಳ ಕಾಲೇಜು ಇನ್ನೂ ಮುಗಿದಿರಲಿಲ್ಲ. ನೌಕರಿ ಹೋದರೆ ಮುಂದೇನು ಎಂದು ಯೋಚಿಸಿದರೆ ಅವರಿಗೆ ಬೆವರು ಬರುತ್ತಿತ್ತು.

ತಡೆಯಲಾರದೆ ಒಂದು ಮಧ್ಯಾಹ್ನ ಚಹಾದ ಕಪ್ಪು ಹಿಡಿದು ಉಮಾಶ್ರೀಯ ಕೋಣೆಗೆ ಹೋದರು. ಚಹಾ ಕೊಡುವುದು ಅವರ ಕೆಲಸವಲ್ಲ, ಆದರೆ ಹೆದರಿದ ಮನುಷ್ಯನ ಕೈಗೆ ಏನಾದರೂ ಬೇಕಲ್ಲ. ಉಮಾಶ್ರೀ ಬೆಳಗಾವಿಯ ತನ್ನ ಆಫೀಸಿನವರ ಜೊತೆ ಫೋನಿನಲ್ಲಿದ್ದಳು. ಎದುರಿನ ಪರದೆಯ ಮೇಲೆ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಗೆರೆಗಳು, ಪ್ರತಿ ಚುಕ್ಕಿಯ ಪಕ್ಕ ಒಂದೊಂದು ಹೆಸರು. ಸಾವ್ಕಾರರ ಚುಕ್ಕಿ ಮೂಲೆಯಲ್ಲಿ ಎಳ್ಳಿನಷ್ಟಿತ್ತು. ಎಲ್ಲದರ ನಡುವೆ, ಎಲ್ಲ ಗೆರೆಗಳೂ ಬಂದು ಕೂಡುವ ಕಡೆ, ಒಂದು ದೊಡ್ಡ ಕೆಂಪು ಚುಕ್ಕಿ. ಅದರ ಪಕ್ಕದಲ್ಲಿ ಬರೆದಿತ್ತು: ಬಡೇಸಾಬ.

"ಹೌದ್ರಿ ಸರ್, ಇಡೀ ಕಂಪನಿ ಇವರೊಬ್ಬರ ಮ್ಯಾಲ ನಿಂತೈತಿ," ಎಂದು ಉಮಾಶ್ರೀ ಫೋನಿನಲ್ಲಿ ಹೇಳುತ್ತಿದ್ದಳು. "ಇವರು ಬಿದ್ರ ನಾಲ್ಕೂ ಊರು ಬಿದ್ದಂಗ."

ಬಡೇಸಾಬರು ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟರು. ಕೆಂಪು ಗೂಟದ ಕಾರು ಬಂದರೆ ಪೊಲೀಸರು ಸೆಲ್ಯೂಟ್ ಹೊಡೆಯುವುದನ್ನು ಅವರು ಸಣ್ಣಂದಿನಿಂದ ನೋಡಿದವರು. ಕೆಂಪಿನ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮೇಡಮ್ಮಾರ, ಒಂದ ಫೋಟೋ ಹೊಡಕೊಳ್ಳೇನ್ರಿ?"

ಉಮಾಶ್ರೀ ಫೋನಿನ ಆಚೆಯವರಿಗೆ "ಹ್ಞೂಂ, ಹ್ಞೂಂ" ಎಂದು ತಲೆ ಆಡಿಸಿದಳು. ಅಪ್ಪಣೆ ಸಿಕ್ಕಿತು ಎಂದುಕೊಂಡು ಬಡೇಸಾಬರು ಫೋಟೋ ಹೊಡೆದುಕೊಂಡರು. ತಮ್ಮ ಮೇಜಿಗೆ ಬರುವಷ್ಟರಲ್ಲಿ ಅದನ್ನು ವಯಸ್ಸಿನ ಪ್ರಕಾರ ಎಲ್ಲರಿಗೂ ಕಳಿಸಿ, ಒಬ್ಬೊಬ್ಬರಿಗೂ ಫೋನು ಮಾಡಲು ಶುರು ಮಾಡಿದ್ದರು.

ಮನೆಯಲ್ಲಿ ಹೆಂಡತಿ ಸುಗರಾಬಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಪಕ್ಕದ ಮನೆಯ ಸೋಮವ್ವನೂ ಬಂದಳು. ಬಣ್ಣದ ರಂಗೋಲಿ ಹಾಕುವುದರಲ್ಲಿ ಆಕೆಯದು ಓಣಿಗೇ ದೊಡ್ಡ ಕೈ.

"ರಂಗೋಲಿ ಚಲೋ ಬಂದಿಲ್ಲ ತಗೋ," ಎಂದಳು ಸೋಮವ್ವ. "ಗೆರಿ ಎಲ್ಲಾ ಒಂದರ ಮ್ಯಾಲೊಂದು ಬಿದ್ದಾವು. ಆದ್ರ ನಡುವಿನ ಚುಕ್ಕಿ ಭೇಷ್ ಐತಿ."

"ಅದ ನಾನ್ರಿ ಅವ್ವಾರ," ಎಂದರು ಬಡೇಸಾಬರು.

"ನೀ ಇಷ್ಟ ದೊಡ್ಡಾಂವ ಅಂತ ನಮಗ ಗೊತ್ತ ಇರಲಿಲ್ಲ ನೋಡಪಾ. ದಿನಾ ಕಾಯಿಪಲ್ಲೆ ಚೀಲ ಹಿಡಕೊಂಡ ಹೋಗತಿದ್ದಿ."

ಸುಗರಾಬಿಯ ತಮ್ಮ ಅಯಾಜ್‌ನದು ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ನಿವೃತ್ತಿ, ಎಮ್ಮೆ ಬಹುಮಾನ ಗೆದ್ದದ್ದು, ಯಾವುದನ್ನೂ ಆತ ಫ್ಲೆಕ್ಸಿಲ್ಲದೆ ಹೋಗಗೊಟ್ಟವನಲ್ಲ. ಸ್ವಂತ ಅಕ್ಕನ ಗಂಡನ ಚುಕ್ಕಿಯನ್ನು ಬಿಟ್ಟಾನೆಯೇ?

"ಇದು ಮೊಬೈಲಿನ್ಯಾಗ ಇಡೂದಲ್ಲ ಭಾವ, ಚೌಕದಾಗ ನಿಲ್ಲಿಸೂದು," ಎಂದ.

"ಬ್ಯಾಡೋ ಅಯಾಜ್, ಮಂದಿ ಏನಂದಾರು," ಎಂದರು ಬಡೇಸಾಬರು. ಆಮೇಲೆ, "ನನ್ನ ಫೋಟೋ ಹಾಕೂದಾದ್ರ ಆ ನೀಲಿ ಅಂಗಿದು ಹಾಕು," ಎಂದರು.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದು ನಿಂತಿತು. 'ಯರಿಭೂಮಿ ಸೀಡ್ಸ್ ಕಂಪನಿಯ ಕೇಂದ್ರಬಿಂದು, ನಾಲ್ಕು ಊರುಗಳ ಆಧಾರಸ್ತಂಭ ಜನಾಬ್ ಬಡೇಸಾಬರಿಗೆ ಹಾರ್ದಿಕ ಅಭಿನಂದನೆಗಳು.' ನಡುವೆ ಇಡೀ ನಕ್ಷೆ, ಎಲ್ಲರ ಹೆಸರು ಓದಲು ಬರುವಷ್ಟು ದೊಡ್ಡದಾಗಿ. ಕೆಳಗೆ ಶುಭ ಕೋರುವವರ ಸಾಲು. ಅದರಲ್ಲಿ ಕಪ್ಪು ಕನ್ನಡಕ ಹಾಕಿದ ಅಯಾಜ್ ಸನ್ಮಾನಿತರಿಗಿಂತ ತುಸು ದೊಡ್ಡದಾಗಿಯೇ ಇದ್ದ. ಸುತ್ತಲೂ ಮಿಣಮಿಣ ದೀಪದ ಸರ.

ನಾಲ್ಕು ದಾರಿಯ ಬಸ್ಸುಗಳೂ ಅಲ್ಲಿಯೇ ನಿಲ್ಲುವುದರಿಂದ ಸುದ್ದಿಗೆ ಕಾಲು ಹುಡುಕಬೇಕಾಗಿರಲಿಲ್ಲ. ಮೊದಲ ಫೋನು ಕಿತ್ತೂರು ಶಾಖೆಯ ಮ್ಯಾನೇಜರ್ ನಿಂಗರಾಜನದು. ಅವನಿಗೆ ದೇಗಾಂವದಲ್ಲಿ ಹೆಣ್ಣು ನೋಡಿದ್ದರು.

"ಬಡೇಸಾಬಣ್ಣಾರ, ನನ್ನ ಚುಕ್ಕಿ ಯಾಕ್ರಿ ಅಷ್ಟ ಸಣ್ಣದ ಹಾಕ್ಯಾರ?" ಅವನ ದನಿ ಅಳುವಿನ ಅಂಚಿನಲ್ಲಿತ್ತು. "ಹೆಣ್ಣಿನ ಸೋದರಮಾವ ಬಸ್ ಇಳದು ನೋಡ್ಯಾನ್ರಿ. 'ಮ್ಯಾನೇಜರ್ ಅಂದಿದ್ರಿ, ಹುಡುಗ ಮೆಣಸಿನಕಾಳಿನಷ್ಟ ಅದಾನಲ್ಲ. ಗುಮಾಸ್ತ ನೋಡಿದ್ರ ಗಾಡಿ ಗಾಲಿಯಷ್ಟ ಅದಾನ. ನಿಮ್ಮ ಆಫೀಸಿನ್ಯಾಗ ಆ ಗುಮಾಸ್ತಗ ಮದುವಿಗೆ ಬಂದ ಮಗ ಯಾರರ ಅದಾನೇನು?' ಅಂತ ಕೇಳಾಕತ್ತಾನ್ರಿ."

"ಕಾಳಜಿ ಮಾಡಬ್ಯಾಡ ತಮ್ಮಾ. ಮೇಡಮ್ಮಾರಿಗೆ ಹೇಳಿ ನಿಂದೂ ಒಂಚೂರು ದೊಡ್ಡದ ಮಾಡಸ್ತೇನಿ," ಎಂದು ಬಡೇಸಾಬರು ಅಭಯ ಕೊಟ್ಟರು. ತನ್ನ ಚುಕ್ಕಿಗೆ ಬಣ್ಣವೇ ಇಲ್ಲ ಎಂದು ಗೊಣಗಿದ ರಾಮದುರ್ಗದ ಮ್ಯಾನೇಜರ್ ಮುತ್ತಪ್ಪನಿಗೂ ಅಷ್ಟೇ ಉದಾರವಾಗಿ ಬಣ್ಣ ಹಾಕಿಸುವ ಮಾತು ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕೊಟ್ಟಿಗೆಯನ್ನೇ ಹಂಚತೊಡಗಿದ್ದರು.

ಸಾವ್ಕಾರರು ಫ್ಲೆಕ್ಸ್ ನೋಡಿದ ಬಗೆಯನ್ನು ಆಮೇಲೆ ಅವರ ಡ್ರೈವರ್ ನಾಸಿರ ಎಲ್ಲರಿಗೂ ಹೇಳಿದ. ಸಾವ್ಕಾರರ ಹೆಂಡತಿ ಕಾರು ನಿಲ್ಲಿಸಲು ಹೇಳಿ, "ಇದರಾಗ ನೀವೆಲ್ಲಿ ಅದೀರಿ?" ಎಂದು ಕೇಳಿದರಂತೆ. ಇಬ್ಬರೂ ಕೆಳಗಿಳಿದು ಹುಡುಕಿದರಂತೆ. ಕೊನೆಗೆ ಅಯಾಜ್‌ನ ಅಂಗಡಿಯ ಫೋನ್ ನಂಬರಿನ ಕೆಳಗೆ ಅರ್ಧ ಮುಚ್ಚಿಹೋಗಿದ್ದ ಚುಕ್ಕಿಯನ್ನು ತೋರಿಸಿ ಆ ತಾಯಿ, "ಮನ್ಯಾಗ ಇದ್ದಷ್ಟ ಇಲ್ಲೂ ಅದೀರಿ ಬಿಡ್ರಿ," ಎಂದರಂತೆ.

ಬಡೇಸಾಬರು ಇಸ್ತ್ರಿಯ ಅಂಗಿ ತೊಟ್ಟು ಕಚೇರಿಗೆ ಬಂದರೆ ಗಾಜಿನ ಕೋಣೆಯೊಳಗಿಂದ ಕರೆ ಬಂತು. ಸಾವ್ಕಾರರ ಮುಖ ಗಂಟಿಕ್ಕಿತ್ತು. ಪಕ್ಕದಲ್ಲಿ ಉಮಾಶ್ರೀ ನಿಂತಿದ್ದಳು.

"ಕಾಕಾ, ಕುಂದ್ರಿ," ಎಂದಳು ಆಕೆ. "ಆ ಕೆಂಪು ಸನ್ಮಾನದ್ದಲ್ರಿ. ಕರೆಂಟಿನ ಕಂಬದ ಮ್ಯಾಲ ಮುಟ್ಟಬ್ಯಾಡ್ರಿ ಅಂತ ಬರದಿರತಾರಲ್ರಿ, ಆ ಕೆಂಪು."

ಬಡೇಸಾಬರು ಕುಳಿತರು.

"ನಿಮಗೊಂದು ಕೆಟ್ಟ ಮೇಲ್ ಬಂತಂದ್ರ ನೀವು ಚಹಾ ಕುಡಿಯೂದರಾಗ ಅದನ್ನ ನಾಲ್ಕೂ ಊರಿಗೆ ಹಂಚಿರತೀರಿ. ನಿಮ್ಮ ಹೆಸರು ನೋಡಿದ ಕೂಡಲೇ ಎಲ್ಲಾರೂ ತೆರೀತಾರ. ಕಳ್ಳ ಮನಿ ಮನಿ ತಿರಗೂದ ಬ್ಯಾಡ, ನೀವ ಅವನ ಕೈ ಹಿಡದು ಕರಕೊಂಡ ಹೋಗಿ ಬಿಡತೀರಿ. ಯಾರ ಮಾತು ಯಾರು ನಂಬತಾರ ಅನ್ನೂದು ಹೊರಗ ಗೊತ್ತಾಗಬಾರದ್ರಿ. ಅದನ್ನ ಬಸ್ ಸ್ಟ್ಯಾಂಡಿನ್ಯಾಗ ಲೈಟ್ ಹಚ್ಚಿ ನಿಲ್ಲಿಸೀರಿ."

"ಲೈಟ್ ನಾ ಹಚ್ಚಿಸಿಲ್ರಿ," ಎಂದರು ಬಡೇಸಾಬರು. "ಅದನ್ನ ಅಯಾಜ್ ಹಚ್ಚ್ಯಾನ."

ಸಾವ್ಕಾರರು ಟೇಬಲ್ಲಿನ ಮೇಲಿನ ಕಡಲೆಬೀಜದ ಮಾದರಿಯನ್ನು ಪಕ್ಕಕ್ಕೆ ಸರಿಸಿದರು. "ಬಡೇಸಾಬ, ನೀ ಮನಿಗೆ ಹೋಗು. ಮೇಡಮ್ಮಾರು ವರದಿ ಮುಗಸೂತನಾ ಬರಬ್ಯಾಡ. ಅಲ್ಲೀತನಾ ಇಲ್ಲಿಂದ ಯಾವ ಮೇಲೂ ಹೋಗೂದಿಲ್ಲ. ಕಂಪನಿಯವರಿಗೆ ಒಂದ ಫೋನ್ ಸಹಿತ ಮಾಡಬ್ಯಾಡ, ಬಂದ್ರ ಎತ್ತಬ್ಯಾಡ. ನಿನ್ನನ್ನ ಇಟ್ಟಕೋಬೇಕೋ ಬ್ಯಾಡೋ ಹೇಳಿ ಕಳಸ್ತೇನಿ."

ಮನೆಗೆ ಬಂದರೆ ಸಿರಸಂಗಿಯಿಂದ ಸುಗರಾಬಿಯ ತವರಿನ ಮಂದಿ ಬಂದು ಕೂತಿದ್ದರು. ಫ್ಲೆಕ್ಸ್ ನೋಡಿದ ಮೇಲೆ ಬರಿಗೈಯಲ್ಲಿ ಬರುವುದು ಚೆಂದವಲ್ಲ ಎಂದು ಶಾಲು, ಹಾರ, ಬಾಳೆಹಣ್ಣು ತಂದಿದ್ದರು. ಬಡೇಸಾಬರು ಬಾಯಿ ತೆರೆಯುವ ಮೊದಲೇ ಕೊರಳಿಗೆ ಹಾರ ಬಿತ್ತು. ನೌಕರಿ ಹೋಗುವ ಗಳಿಗೆಯಲ್ಲಿ ಇಷ್ಟು ಅದ್ದೂರಿಯಾಗಿ ಸನ್ಮಾನ ಮಾಡಿಸಿಕೊಂಡವರು ಬೈಲಹೊಂಗಲದ ಇತಿಹಾಸದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಶಾಲಿನೊಳಗೆ ಅವರು ಬೆವರುತ್ತ, ಬಂದವರಿಗೆಲ್ಲ ಕೈ ಮುಗಿಯುತ್ತ ಕುಳಿತರು.

ಸುಗರಾಬಿಗೆ ಗಂಡನ ಮುಖ ಓದಲು ಬರುತ್ತಿತ್ತು. ಒಳಗೆ ಕರೆದು ಕೇಳಿದಳು. ಎಲ್ಲ ಕೇಳಿಯಾದ ಮೇಲೆ, "ಊರಿಗೆ ಉಪಕಾರಿ, ಮನಿಗೆ ಮಾರಿ ಅಂತ ಸುಮ್ಮನ ಅಂತಾರೇನು," ಎಂದು ಶುರು ಮಾಡಿದವಳು ಅವರ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದಳು. "ನೀವು ಯಾರಿಗೂ ಕೆಟ್ಟದ್ದ ಕಳಿಸಿಲ್ಲ. ಕಳಿಸಿದ್ದು ಒಂಚೂರು ಹೆಚ್ಚಾತು, ಅಷ್ಟ. ಮೊದಲ ಆ ಫೋನ್ ಇಲ್ಲಿ ಕೊಡ್ರಿ." ಎದುರಿಗಿದ್ದರೆ ಕೈ ತಡೆಯುವುದಿಲ್ಲ ಎಂದು ಆಕೆ ಫೋನನ್ನು ಜೋಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು.

ಅಯಾಜ್ ಫ್ಲೆಕ್ಸ್ ಇಳಿಸಿದ. ಬಡೇಸಾಬರು ಹೊರಗೆ ಹೋಗುವುದನ್ನು ಬಿಟ್ಟರು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಡಬ್ಬಿಯೊಳಗಿಂದ ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಶುರುವಾಯಿತು. ಮಧ್ಯಾಹ್ನದವರೆಗೂ ಅದೇ ಗದ್ದಲ.

"ಸುಗರಾಬಿ, ನಿಮ್ಮ ಜ್ವಾಳ ಒದರಾಕತ್ತೈತಿ," ಎಂದು ಸೋಮವ್ವ ಗೋಡೆಯಾಚೆಯಿಂದ ಕೂಗಿದಳು.

ಬಡೇಸಾಬರು ಡಬ್ಬಿಯ ಎದುರು ಮಂಡಿ ಅಪ್ಪಿಕೊಂಡು ಕುಳಿತಿದ್ದರು. ರಿಂಗಾದಾಗಲೆಲ್ಲ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಆದರೆ ಸಾವ್ಕಾರರ ಮಾತೆಂದರೆ ಮಾತು. ಉಪ್ಪು ತಿಂದ ಮನೆ ಅದು. ಅವರು ಮುಚ್ಚಳ ತೆಗೆಯಲಿಲ್ಲ.

ಸಂಜೆಗೆ ನಾಸಿರ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. "ಸಾವ್ಕಾರ್ರು ಹೇಳಿ ಕಳಸ್ಯಾರ, ಬರ್ರಿ," ಎಂದ. ಮತ್ತೇನೂ ಹೇಳಲಿಲ್ಲ. ಬಡೇಸಾಬರು ಈದಿನ ಟೋಪಿ ಹಾಕಿಕೊಂಡರು. ಹೋಗುವುದು ಹೇಗೂ ಹೋಗುತ್ತದೆ, ಮರ್ಯಾದೆಯಿಂದ ಹೋಗಲಿ ಎಂದು.

ಗಾಜಿನ ಕೋಣೆ ತುಂಬಿತ್ತು. ಕಿತ್ತೂರಿನ ನಿಂಗರಾಜ, ಸವದತ್ತಿಯ ಸಪ್ನಾ, ರಾಮದುರ್ಗದ ಮುತ್ತಪ್ಪ, ಮೂವರು ಮ್ಯಾನೇಜರರೂ ಬಂದಿದ್ದರು. ಸಾವ್ಕಾರರು ಯಾರ ಮುಖವನ್ನೂ ನೋಡದೆ ಕುಳಿತಿದ್ದರು. ತಮ್ಮನ್ನು ತೆಗೆಯಲು ಇಷ್ಟು ಜನ ಬೇಕಾಯಿತೇ ಎಂದುಕೊಂಡರು ಬಡೇಸಾಬರು.

ಉಮಾಶ್ರೀ ಮಾತು ತೆಗೆದಳು. "ಕಾಕಾ, ಫ್ಲೆಕ್ಸ್ ನೋಡಿದ ಕಳ್ಳ ಏನ ಮಾಡ್ಯಾನು ಅಂತ ವಿಚಾರ ಮಾಡಿದ್ನಿ. ಸಾವ್ಕಾರ್ರ ಹೆಸರಿನ್ಯಾಗ ಮೇಲ್ ಬರೀತಾನ. ಅದಕ್ಕ ಅವನಕಿಂತ ಮೊದಲ ನಾನ ಬರದು ನೋಡಿದ್ನಿ. 'ಹೊಸ ಪಗಾರದ ಪಟ್ಟಿ ಬಂದೈತಿ, ಇಲ್ಲಿ ಒತ್ತಿ ನೋಡ್ರಿ' ಅಂತ. ಇವತ್ತ ಮುಂಜಾನೆ ಎಲ್ಲಾರಿಗೂ ಹೋತು. ಪಗಾರ ಅಂದ್ರ ಎಂಥವರೂ ಒತ್ತತಾರ್ರಿ. ಆದ್ರ ಮೂರೂ ಶಾಖೆದಾಗ ಒಬ್ಬರೂ ಒತ್ತಿಲ್ಲ."

"ಯಾಕ?" ಎಂದರು ಬಡೇಸಾಬರು, ಸೋಜಿಗದಿಂದ.

"ಯಾಕಂದ್ರ ನಿಮ್ಮ ಫೋನ್ ಬರಲಿಲ್ಲಲ್ರಿ ಅಣ್ಣಾರ," ಎಂದ ಮುತ್ತಪ್ಪ. "ಹೆಡ್ ಆಫೀಸಿನಿಂದ ಖರೇ ಮೇಲ್ ಬಂದ್ರ ಹಿಂದಿಂದ ನಿಮ್ಮ ಫೋನ್ ಬರಬೇಕು. ಮೇಲ್ ಬಂತು, ಫೋನ್ ಇಲ್ಲ. ಬಾಯಿಲೇ ಕರೀದ ಮದುವಿಗೆ ಯಾರ ಹೋಗತಾರ್ರಿ? ಹನ್ನೆರಡರ ತನಕ ನಾವ ನಿಮಗ ಫೋನ್ ಹಚ್ಚಿದ್ವಿ."

"ನಾವೂ ಹಚ್ಚಿದ್ವಿ," ಎಂದಳು ಸಪ್ನಾ. "ನೀವ ಎತ್ತಲಿಲ್ಲಂದ ಮ್ಯಾಲ ಇದರಾಗ ಏನೋ ಗೋಲಮಾಲ್ ಐತಿ ಅಂತ ಯಾರಿಗೂ ಮುಟ್ಟಾಕ ಬಿಡಲಿಲ್ರಿ."

ಜೋಳದ ಡಬ್ಬಿ ಯಾಕೆ ಒದರುತ್ತಿತ್ತು ಎಂಬುದು ಬಡೇಸಾಬರಿಗೆ ಈಗ ತಿಳಿಯಿತು.

"ಇಡೀ ಕಂಪನಿಯೊಳಗ ಅದನ್ನ ಒತ್ತಿದವರು ಒಬ್ಬರ," ಎಂದಳು ಉಮಾಶ್ರೀ.

"ಅಲ್ಲೋ," ಎಂದರು ಹಣಮಂತಪ್ಪ ಸಾವ್ಕಾರರು, ಮೇಜಿನ ಮೇಲಿನ ಕಡಲೆಬೀಜಕ್ಕೆ ಹೇಳುವಂತೆ. "ನನ್ನ ಹೆಸರಿನ್ಯಾಗ ನಾ ಏನ ಕಳಿಸೇನಿ ಅಂತ ನಾ ನೋಡಬೇಕಾತಿಲ್ಲೋ."

ನಿಂಗರಾಜನಿಗೆ ಒಮ್ಮೆಲೇ ಕೆಮ್ಮು ಬಂದು ಅವನು ಹೊರಗೆ ಹೋಗಬೇಕಾಯಿತು.

ಉಮಾಶ್ರೀ ತನ್ನ ತಪ್ಪನ್ನೂ ಬಿಡಲಿಲ್ಲ. "ನಾ ನಕ್ಷೆದಾಗ ಮೇಲ್‌ದ ಗೆರಿ ಅಷ್ಟ ನೋಡಿದ್ನಿ ಕಾಕಾ. ಮಂದಿ ನಿಮ್ಮನ್ನ ಯಾಕ ನಂಬತಾರ ಅಂತ ಕೇಳಲಿಲ್ಲ. ಯಾವ ದಾರಿಲೇ ಕಳ್ಳ ಬರತಾನೋ ಅದ ದಾರಿಲೇ ಎಚ್ಚರಿಕಿನೂ ಕಳಸಬಹುದು. ಹಿಂಗಾಗಿ ಇನ್ನ ಮ್ಯಾಲ ನೀವು ಮೇಲ್ ಹಂಚೂದ ಬ್ಯಾಡ, ಅದನ್ನ ಸಪ್ನಾ ನೋಡತಾಳ. ಯಾರ ಮೇಲ್ ಕಳಸೂದಿದ್ರೂ ಮೊದಲ ನಿಮ್ಮ ಮುಂದ ಬಂದು ಹೇಳಬೇಕು. ನೀವು ಫೋನ್ ಮಾಡಬೇಕು. ನಿಮ್ಮ ಫೋನ್ ಬರೂತನಾ ಯಾವ ಮೇಲೂ ಖರೇ ಅಲ್ಲ. ಕಂಪ್ಯೂಟರ್ ಮಾತ್ರ ಮುಟ್ಟಬ್ಯಾಡ್ರಿ."

"ಅಂದ್ರ ನೌಕರಿ?" ಎಂದರು ಬಡೇಸಾಬರು.

"ಐತೋ ಮಾರಾಯಾ," ಎಂದರು ಸಾವ್ಕಾರರು. "ನಿನ್ನ ಬಿಟ್ರ ನಮ್ಮ ಗತಿ ಏನಾಗಿತ್ತಂತ ಇವತ್ತ ನೋಡಿದ್ನಿ."

ಬಡೇಸಾಬರು ಎದ್ದು ನಿಂತು ಸಾವ್ಕಾರರಿಗೆ ಕೈ ಮುಗಿದರು, ಉಮಾಶ್ರೀಗೆ ಮುಗಿದರು, ಆಮೇಲೆ ವಯಸ್ಸಿನ ಪ್ರಕಾರ ಮುತ್ತಪ್ಪನಿಗೂ ಸಪ್ನಾಳಿಗೂ ಮುಗಿದರು. ಆಗ ತಾನೇ ಒಳಗೆ ಬಂದ ನಿಂಗರಾಜನಿಗೂ ಬಿಡಲಿಲ್ಲ. ತಮ್ಮ ಒಂದು ಫೋನು ಬರಲಿಲ್ಲವೆಂದು ಮೂರು ಊರು ಕೆಲಸ ಬಿಟ್ಟು ಕಾದು ಕುಳಿತಿತ್ತು. "ನೀವೆಲ್ಲಾ ಚಲೋ ಮಂದಿ ಅದೀರಿ," ಎಂದಷ್ಟೇ ಹೇಳಿ ಟೋಪಿ ಸರಿ ಮಾಡಿಕೊಂಡರು.

"ಇನ್ನೊಂದ ಮಾತು," ಎಂದಳು ಉಮಾಶ್ರೀ. "ನಿಮ್ಮ ಫೋನ್ ಎಂದೂ ಹೋಗದವರು ಒಬ್ಬರ ಇದ್ರು, ಒತ್ತಿದವರೂ ಅವರ. ನಾಳಿಯಿಂದ ಸಾವ್ಕಾರ್ರಿಗೂ ಫೋನ್ ಮಾಡ್ರಿ."

ಮರುದಿನ ಸೋಯಾಬೀನ್ ಬೀಜದ ಹೊಸ ದರ ಬಂತು. ಬಡೇಸಾಬರು ಕಿತ್ತೂರಿಗೆ ಫೋನು ಮಾಡಿದರು, ದೇಗಾಂವದ ಬೀಗರು ಒಪ್ಪಿದ ಸುದ್ದಿ ಕೇಳಿ ಸಂತೋಷಪಟ್ಟರು. ಸವದತ್ತಿ ಮುಗಿಯಿತು, ರಾಮದುರ್ಗ ಮುಗಿಯಿತು. ಕೊನೆಗೆ, ಕೂಗಿದರೆ ಕೇಳುವಷ್ಟು ಹತ್ತಿರ, ಗಾಜಿನಾಚೆ ಕುಳಿತಿದ್ದ ಸಾವ್ಕಾರರಿಗೆ ಫೋನು ಹಚ್ಚಿದರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿತ್ತು.

"ಸಾವ್ಕಾರ್ರ, ಬಡೇಸಾಬ ಮಾತಾಡತೇನ್ರಿ. ದರದ ಮೇಲ್ ಬಂದೈತಿ, ಅದು ಖರೇದ ಐತ್ರಿ. ತೆರೀಬಹುದು."

"ಹ್ಞೂಂ," ಎಂದರು ಸಾವ್ಕಾರರು.

ಉಮಾಶ್ರೀ ಹೇಳಿಕೊಟ್ಟದ್ದು ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ರೂಢಿ ಅಲ್ಲಿಗೆ ನಿಲ್ಲಲಿಲ್ಲ. "ಊಟ ಆತೇನ್ರಿ?" ಎಂದುಬಿಟ್ಟರು ಬಡೇಸಾಬರು.

ಗಾಜಿನಾಚೆ ಸಾವ್ಕಾರರು ಫೋನನ್ನು ಕಿವಿಗೆ ಹಿಡಿದೇ ತಲೆ ಎತ್ತಿ ಬಡೇಸಾಬರನ್ನು ನೋಡಿದರು. ಆ ಕುರ್ಚಿಯಲ್ಲಿ ಕೂತಂದಿನಿಂದ ಜನ ಅವರನ್ನು ದರ ಕೇಳಿದ್ದರು, ರಜೆ ಕೇಳಿದ್ದರು, ಪಗಾರ ಹೆಚ್ಚಿಸಿ ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲೋ ಬಡೇಸಾಬ," ಎಂದರು ಕೊನೆಗೆ. "ನೀ ಬುತ್ತಿ ತಂದೀಯಿಲ್ಲೋ? ತಗೊಂಡ ಬಾ, ಕೂಡೇ ಉಣ್ಣೂಣು."

ಬಡೇಸಾಬರು ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಹೋದರು. ಗಾಜಿನ ಬಾಗಿಲು ತೆಗೆಯಲು ಅವರಿಗೆ ಕೈ ಉಳಿದಿರಲಿಲ್ಲ. ಸಾವ್ಕಾರರೇ ಎದ್ದು ಬಂದು ತೆಗೆದರು.